ಕೊಲ್ಲುವುದೋ, ಬಿಡುವುದೋ: ಜಾತ್ರೆ ನಾಟಕದ ಕೊನೆಯ ದೃಶ್ಯ ಕಟ್ಟುವ ಸಮಗ್ರ ಮಾರ್ಗದರ್ಶಿ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಹತ್ತಿರ ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು, ಕಂಪ್ಲಿ ಕಡೆಯ ಹುಡುಗರು ನಾಟಕದ ನೋಟ್‌ಬುಕ್ ಹಿಡಿದು ನನ್ನ ಮನೆಗೆ ಬರುತ್ತಾರೆ. "ಮಾಸ್ತರ, ಒಂದ್ಸಲ ಕಣ್ಣಾಡಿಸ್ರಿ" ಅಂತಾರೆ. ಓದುತ್ತೇನೆ. ಮೊದಲ ಎರಡು ಅಂಕ ಚೆನ್ನಾಗಿಯೇ ಇರುತ್ತವೆ. ಹಾಸ್ಯ ನಗಿಸುತ್ತದೆ, ಖಳನಾಯಕನ ಮಾತಿಗೆ ಖಾರ ಇರುತ್ತದೆ. ಕೊನೆಯ ಹತ್ತು ನಿಮಿಷಕ್ಕೆ ಬಂದಾಗ ಮಾತ್ರ ಎಲ್ಲರೂ ಒಂದೇ ಗುಂಡಿಗೆ ಬೀಳುತ್ತಾರೆ.

ಖಳನಾಯಕ ಸೋತು ಕೆಳಗೆ ಬಿದ್ದಿದ್ದಾನೆ. ನಾಯಕ ಕೊಡಲಿ ಎತ್ತಿದ್ದಾನೆ. ಮುಂದೇನು ಅಂತ ಬರೆದವನಿಗೇ ಗೊತ್ತಿಲ್ಲ. ಹಾಗಾಗಿ ಇನ್‌ಸ್ಪೆಕ್ಟರ್ ಬರುತ್ತಾನೆ, "ನಿಲ್ಲಿ! ಕಾನೂನನ್ನು ಕೈಗೆ ತೆಗೆದುಕೊಳ್ಳಬೇಡಿ" ಅನ್ನುತ್ತಾನೆ, ಕೈಕೋಳ ಹಾಕುತ್ತಾನೆ, ಪರದೆ ಬೀಳುತ್ತದೆ. ಇಲ್ಲವೇ ತಾಯಿ ಓಡಿ ಬಂದು "ಬೇಡ ಮಗನೇ" ಅಂತಾಳೆ. ಇಲ್ಲವೇ ನಾಯಕ ಕ್ಷಮಿಸಿ ಬೆನ್ನು ತಿರುಗಿಸುತ್ತಾನೆ, ಬಿದ್ದವನು ಸೊಂಟದಿಂದ ಚಾಕು ತೆಗೆಯುತ್ತಾನೆ, ಆಗ ನಾಯಕನ ಗೆಳೆಯ ಅವನನ್ನು ಮುಗಿಸುತ್ತಾನೆ. ಮೂರರಲ್ಲೂ ನಾಯಕ ಏನನ್ನೂ ತೀರ್ಮಾನ ಮಾಡಿಲ್ಲ. ಅವನ ಕೆಲಸವನ್ನು ಬೇರೆ ಯಾರೋ ಮಾಡಿಕೊಟ್ಟಿದ್ದಾರೆ.

ಈ ಬರಹ ಆ ಹತ್ತು ನಿಮಿಷಕ್ಕಾಗಿ. ಸಾಮಾಜಿಕ ನಾಟಕ ಬರೆಯುವವರಿಗೂ, ದೊಡ್ಡಾಟದ (ಪುರಾಣ ಕಥೆಯ ಬಯಲಾಟ) ಹಳೆ ಪ್ರಸಂಗ ತಿದ್ದಿ ಆಡಿಸುವವರಿಗೂ ಕ್ರಮ ಒಂದೇ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಎರಡು ಬಣ್ಣದ ಪೆನ್ನು, ಕೆಂಪು ಮತ್ತು ನೀಲಿ. ಒಂದು ಉದ್ದ ನೋಟ್‌ಬುಕ್. ಹೊತ್ತು ನೋಡಲು ಮೊಬೈಲು. ಕತ್ತಿಯೋ ಕೊಡಲಿಯೋ ಸಲಿಕೆಯೋ, ನಾಯಕ ಕೊನೆಗೆ ಯಾವುದನ್ನು ಹಿಡಿಯುತ್ತಾನೋ ಅದರದ್ದೇ ತೂಕದ ಒಂದು ಕಟ್ಟಿಗೆ ತುಂಡು. ಇದು ತಾಲೀಮಿನ ಮೊದಲ ದಿನದಿಂದಲೇ ಇರಬೇಕು. ಬರಿಗೈಯಲ್ಲಿ ಹದಿನೈದು ದಿನ ತಾಲೀಮು ಮಾಡಿದ ಹುಡುಗ ನಾಟಕದ ರಾತ್ರಿ ನಿಜವಾದ ಸಲಿಕೆ ಎತ್ತಿದರೆ ಅರ್ಧ ನಿಮಿಷಕ್ಕೇ ತೋಳು ನಡುಗುತ್ತದೆ. ಮುಂದೆ ಕೂತವರಿಗೆ ಅದು ಭಯದಂತೆ ಕಾಣುತ್ತದೆ.

ಹಾರ್ಮೋನಿಯಂ ನುಡಿಸುವವರನ್ನು ಈ ದೃಶ್ಯದ ತಾಲೀಮಿಗೆ ಕರೆಯಲೇಬೇಕು. "ಅವರು ಕೊನೆಗೆ ಬರ್ತಾರೆ ಬಿಡ್ರಿ" ಅನ್ನಬೇಡಿ. ಯಾವಾಗ ನುಡಿಸಬಾರದು ಅಂತ ಅವರಿಗೆ ಗೊತ್ತಾಗಬೇಕಾದ್ದು ಇಲ್ಲೇ.

ಇನ್ನೊಬ್ಬರು ಬೇಕು: ಕಥೆ ಏನೇನೂ ಗೊತ್ತಿಲ್ಲದ ಒಬ್ಬ ಪ್ರೇಕ್ಷಕರು. ನಾನು ನಮ್ಮ ಓಣಿಯ ಒಬ್ಬ ಅಜ್ಜಿಯನ್ನು ಕರೆತಂದು ಕೂರಿಸುತ್ತೇನೆ. ಎಲೆ ಅಡಿಕೆ ಕೊಟ್ಟರೆ ಸಾಕು. ಅವರ ಕೆಲಸ ಏಳನೇ ಹಂತದಲ್ಲಿ ಬರುತ್ತದೆ.

## ಹಂತ 1: ಬೆಲೆ ಯಾರು ತೆರುತ್ತಾರೆ ಅಂತ ಬರೆಯಿರಿ

ಕೊಲ್ಲುತ್ತಾನಾ ಬಿಡುತ್ತಾನಾ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಹೊಸ ಹಾಳೆ ತೆಗೆಯಿರಿ. ಮಧ್ಯಕ್ಕೆ ಗೆರೆ ಎಳೆಯಿರಿ. ಎಡಗಡೆ ಕೆಂಪಿನಲ್ಲಿ: ಕೊಂದರೆ ಯಾರಿಗೆ ಏನು ಕಳೆಯುತ್ತದೆ? ಬಲಗಡೆ ನೀಲಿಯಲ್ಲಿ: ಬಿಟ್ಟರೆ ಯಾರಿಗೆ ಏನು ಕಳೆಯುತ್ತದೆ?

"ಪಾಪ ಬರುತ್ತದೆ", "ಧರ್ಮ ಉಳಿಯುತ್ತದೆ" ಅಂತ ಬರೆದರೆ ಹೊಡೆದುಹಾಕಿ. ಮನುಷ್ಯರ ಹೆಸರು ಬರಬೇಕು, ಮತ್ತು ಆ ಮನುಷ್ಯರು ಒಂದನೇ ಅಂಕದಲ್ಲೇ ಪ್ರೇಕ್ಷಕರ ಕಣ್ಣಿಗೆ ಬಿದ್ದಿರಬೇಕು.

ಇದಕ್ಕೆ ಜಯದ್ರಥನ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ವನವಾಸದಲ್ಲಿ ಅವನು ದ್ರೌಪದಿಯನ್ನು ಎಳೆದುಕೊಂಡು ಹೋದ. ಭೀಮ, ಅರ್ಜುನ ಹಿಡಿದರು. ಭೀಮನಿಗೆ ಅಲ್ಲೇ ಕೊಂದುಬಿಡುವ ಸಿಟ್ಟು. ಧರ್ಮರಾಯ ಬೇಡವೆಂದ. ಕಾರಣ ದುಶ್ಶಲೆ. ಜಯದ್ರಥ ಸತ್ತರೆ ವಿಧವೆಯಾಗುವವಳು ಕೌರವ ಪಾಂಡವರಿಗೆಲ್ಲ ಒಬ್ಬಳೇ ತಂಗಿ. ಭೀಮ ಅವನ ತಲೆ ಬೋಳಿಸಿ, ಐದು ಜುಟ್ಟು ಉಳಿಸಿ ಬಿಟ್ಟ. ಅವಮಾನ ನುಂಗಲಾರದೆ ಜಯದ್ರಥ ಶಿವನನ್ನು ಕುರಿತು ತಪಸ್ಸು ಮಾಡಿ, ಅರ್ಜುನನೊಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆದು ನಿಲ್ಲಿಸುವ ವರ ಪಡೆದ. ಯುದ್ಧದ ಹದಿಮೂರನೇ ದಿನ ಆ ವರ ಬಳಸಿದ. ಚಕ್ರವ್ಯೂಹದೊಳಗೆ ಹೋದ ಅಭಿಮನ್ಯುವಿನ ಹಿಂದೆ ಯಾರೂ ಬರಲಾಗಲಿಲ್ಲ.

ಕೊಂದಿದ್ದರೆ ಕೆಂಪು ಪೆನ್ನಿನಲ್ಲಿ ದುಶ್ಶಲೆ. ಬಿಟ್ಟಿದ್ದಕ್ಕೆ ನೀಲಿಯಲ್ಲಿ ಅಭಿಮನ್ಯು. ನಿಮ್ಮ ಹಾಳೆಯಲ್ಲೂ ಎರಡೂ ಕಡೆ ಇಂಥ ಒಂದೊಂದು ಹೆಸರು ಬರುವ ತನಕ ಮುಂದೆ ಹೋಗಬೇಡಿ. ಒಂದು ಕಡೆ ಖಾಲಿ ಉಳಿಯಿತು ಅಂದರೆ ನಾಯಕನಿಗೆ ಯೋಚನೆ ಮಾಡಲು ಏನೂ ಇಲ್ಲ ಅಂತ ಅರ್ಥ. ಆಗ ಈ ದೃಶ್ಯವೇ ಬೇಡ. ಹೊಡೆದಾಟದಲ್ಲೇ ಮುಗಿಸಿ ಮಂಗಳ ಹಾಡಿ.

ನಾನೇ ಒಂದು ಸಲ ಈ ತಪ್ಪು ಮಾಡಿದ್ದೇನೆ. ಕೊಪ್ಪಳದ ಹತ್ತಿರ ಒಂದು ಊರಿನಲ್ಲಿ ನನ್ನ ನಾಯಕ ಖಳನಿಗೆ ಕ್ಷಮೆ ಕೊಟ್ಟು ಎರಡು ಪುಟ ಭಾಷಣ ಮಾಡಿದ. ಮುಂದೆ ಕೂತವರು ಚಾಪೆ ಸುತ್ತಲು ಶುರು ಮಾಡಿದರು. ಒಬ್ಬ ಮುದುಕರು ನನ್ನ ಹತ್ತಿರ ಬಂದು, "ಅವನೇನು ಕಳ್ಕೊಂಡಾನ ಅಂತ ಅಷ್ಟು ಮಾತಾಡ್ತಾನೋ ತಮ್ಮಾ?" ಅಂದರು. ನೀಲಿ ಕಡೆ ಖಾಲಿ ಇತ್ತು.

## ಹಂತ 2: ತಪ್ಪನ್ನು ಕಣ್ಣಿಗೆ ಕಾಣಿಸಿ

ಇದು ಚಿಕ್ಕ ಹಂತ. ವೈರಿ ಮಾಡಿದ ಮುಖ್ಯ ತಪ್ಪು ಅಟ್ಟದ (ರಂಗದ) ಮೇಲೆ, ಪ್ರೇಕ್ಷಕರ ಎದುರೇ ನಡೆಯಬೇಕು. "ನನ್ನ ಅಪ್ಪನನ್ನು ಕೊಂದ ಪಾಪಿ ನೀನು" ಅಂತ ಬಾಯಲ್ಲಿ ಹೇಳಿಸಿದರೆ ಸಾಲದು. ಹತ್ತು ತಪ್ಪು ಬೇಡ, ಒಂದೇ ಸಾಕು. ಸಾಹುಕಾರ ಹೊಲ ಕಿತ್ತುಕೊಂಡ, ಹೆಣ್ಣಿನ ಮೇಲೆ ಕಣ್ಣು ಹಾಕಿದ, ಗುಡಿ ಹುಂಡಿ ಕದ್ದ, ಕಳ್ಳಬಟ್ಟಿ ಮಾರಿದ ಅಂತ ಪೇರಿಸುತ್ತಾ ಹೋದರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ, ದಸರೆಯ ಬೊಂಬೆ ಆಗುತ್ತಾನೆ. ಬೊಂಬೆಯನ್ನು ಕೊಲ್ಲಲು ಯಾರೂ ಹಿಂದೆಮುಂದೆ ನೋಡಲ್ಲ, ಅಲ್ವಾ?

## ಹಂತ 3: ಮೂರನೆಯವರನ್ನು ನಿಲ್ಲಿಸಿ

ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ನೋಟ್‌ಬುಕ್‌ಗಳಲ್ಲಿ ನಾನು ಕಾಣುವ ಹತ್ತರಲ್ಲಿ ಏಳು ಕೊನೆಯ ದೃಶ್ಯ ಕೆಡುವುದು ಇಲ್ಲಿಯೇ.

ಗೆದ್ದವನು, ಬಿದ್ದವನು ಇಬ್ಬರೇ ಇದ್ದರೆ ಕಥೆ ಅಲ್ಲಾಡುವುದಿಲ್ಲ. ಅವರ ನಡುವೆ ಮೂರನೆಯ ಒಬ್ಬರು ಬೇಕು. ಯಾರು? ಬರೆಯುವ ಹುಡುಗರು ಸುಮ್ನೆ ತಾಯಿಯನ್ನು ತಂದು ನಿಲ್ಲಿಸುತ್ತಾರೆ. ತಾಯಿ ಬೇಡವೆನ್ನುತ್ತಾಳೆ ಅಂತ ಪ್ರೇಕ್ಷಕರಿಗೆ ಮೊದಲೇ ಗೊತ್ತು. ಅವಳು ಬರುವುದಕ್ಕೂ ಇನ್‌ಸ್ಪೆಕ್ಟರ್ ಬರುವುದಕ್ಕೂ ಫರಕು ಕಡಿಮೆ.

ಮೂರನೆಯವರು ಎಂದರೆ ಎಲ್ಲರಿಗಿಂತ ಜಾಸ್ತಿ ನೊಂದವರು. ಯಾರ ಮನೆ ಸುಟ್ಟಿದೆಯೋ ಅವರು. ಭಾಗವತದಲ್ಲಿ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ಎಳೆದು ತಂದು ನಿಲ್ಲಿಸಿದ್ದು ದ್ರೌಪದಿಯ ಎದುರು. ಮಲಗಿದ್ದ ಐದು ಮಕ್ಕಳನ್ನು ರಾತ್ರಿ ಕೊಂದವನು ಅವನು. ಭೀಮ ಕೊಲ್ಲು ಅಂತಾನೆ. ದ್ರೌಪದಿ ಬಿಡು ಅಂತಾಳೆ: ಇವನು ಗುರುವಿನ ಮಗ, ನಾನು ಅಳುವಂತೆ ಇವನ ತಾಯಿ ಅಳುವುದು ಬೇಡ. ಈ ಮಾತನ್ನು ಬೇರೆ ಯಾರು ಹೇಳಿದ್ದರೂ ಪ್ರೇಕ್ಷಕರು ಕಲ್ಲು ಹೊಡೆಯುತ್ತಿದ್ದರು. ಮಕ್ಕಳನ್ನು ಕಳೆದುಕೊಂಡವಳೇ ಹೇಳಿದ್ದರಿಂದ ಅದಕ್ಕೆ ತೂಕ ಬಂತು.

ಹಾಗಂತ ಮೂರನೆಯವರು ಬಿಡು ಅಂತಲೇ ಹೇಳಬೇಕಿಲ್ಲ. ಅವರು ಬಾಯಿ ಬಿಡದಿದ್ದರೂ ನಡೆಯುತ್ತದೆ. ಕರ್ಣನನ್ನು ನೋಡಿ. ಕುರುಕ್ಷೇತ್ರದಲ್ಲಿ ಭೀಮ ಅವನ ಕೈಗೆ ಸಿಕ್ಕ. ಕರ್ಣ ಬಿಲ್ಲಿನ ತುದಿಯಿಂದ ತಿವಿದು, ಹೊಟ್ಟೆಬಾಕ ಅಂತ ಹಂಗಿಸಿ ಬಿಟ್ಟುಬಿಟ್ಟ. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಅಂತ ಕುಂತಿಗೆ ಮಾತು ಕೊಟ್ಟಿದ್ದ. ಕುಂತಿ ಆ ಜಾಗದಲ್ಲಿ ಇಲ್ಲ, ಆದರೂ ಇದ್ದಾಳೆ. ಭೀಮನಿಗೆ ಏನೂ ಗೊತ್ತಿಲ್ಲ. ಕರ್ಣನಿಗೂ ನೋಡುವವರಿಗೂ ಮಾತ್ರ ಗೊತ್ತು. ದೊಡ್ಡಾಟದವರು ಈ ಗುಟ್ಟನ್ನು ಹಾಳು ಮಾಡುವುದು ಸಾರಥಿಯಿಂದ (ರಥ ಹೊಡೆಯುವವನಲ್ಲ, ಪಾತ್ರಗಳನ್ನು ಮಾತಾಡಿಸುವ ಆಟದ ನಿರೂಪಕ). ಅಲ್ಲಿ ಅವನು ಬಾಯಿ ಹಾಕಿ "ಓಹೋ, ಕುಂತಿಗೆ ಕೊಟ್ಟ ಮಾತಿಗಾಗಿ ಬಿಟ್ಟಿರೋ?" ಅಂದರೆ ಮುಗಿಯಿತು. ಈ ದೃಶ್ಯದಲ್ಲಿ ಸಾರಥಿ ಬಾಯಿ ಮುಚ್ಚಿರಲಿ.

## ಹಂತ 4: ಸೋಲು ಪೂರ್ತಿ ಸೋಲಾಗಿರಲಿ

ಬಿದ್ದವನ ಕೈಯಲ್ಲಿ ಇನ್ನೂ ಆಯುಧ ಇದ್ದರೆ ಅವನನ್ನು ಕೊಲ್ಲುವುದು ಜೀವ ಉಳಿಸಿಕೊಳ್ಳುವ ಕೆಲಸ. ಅಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ಸೊಂಟದ ಚಾಕು, ಅಂಗಿಯೊಳಗಿನ ಪಿಸ್ತೂಲು, ಬಾಗಿಲ ಹಿಂದಿನ ಗೂಂಡಾ ಎಲ್ಲವನ್ನೂ ಇದಕ್ಕೂ ಮುಂಚೆಯೇ ಖರ್ಚು ಮಾಡಿ ಮುಗಿಸಿ. ಆಯುಧ ಕೈತಪ್ಪಿ ಅಟ್ಟದಿಂದ ಕೆಳಗೆ ಬೀಳಲಿ. ಆ ಸಪ್ಪಳ ಮುಂದೆ ಕೂತವರಿಗೆ ಕೇಳಲಿ.

ಬೀಳಿಸುವ ಜಾಗವೂ ಮುಖ್ಯ. ನಮ್ಮ ಕಡೆ ಮೈಕು ಅಟ್ಟದ ಮುಂಭಾಗದಲ್ಲಿ ಮೇಲಿಂದ ತೂಗುಹಾಕಿರುತ್ತಾರೆ. ಹಿಂದೆ ಪರದೆ ಹತ್ತಿರ ಬಿದ್ದವನ ಮಾತು ಯಾರಿಗೂ ಕೇಳಲ್ಲ. ಮೈಕಿನ ಕೆಳಗೇ ಬೀಳಿಸಿ, ಮುಖ ಪ್ರೇಕ್ಷಕರ ಕಡೆಗಿರಲಿ. ನಾಯಕ ಅವನ ಹಿಂದೆ ನಿಲ್ಲಲಿ, ಪಕ್ಕದಲ್ಲಿ ಬೇಡ. ಹಿಂದೆ ನಿಂತರೆ ಇಬ್ಬರ ಮುಖವೂ ಒಟ್ಟಿಗೆ ಕಾಣುತ್ತದೆ.

## ಹಂತ 5: ಬಿದ್ದವನಿಗೂ ಒಂದು ನ್ಯಾಯದ ಮಾತು ಕೊಡಿ

ಬಿದ್ದ ಖಳರೆಲ್ಲ "ನನ್ನನ್ನು ಬಿಟ್ಟುಬಿಡು, ನಿನ್ನ ಕಾಲಿಗೆ ಬೀಳ್ತೀನಿ" ಅಂತಲೇ ಯಾಕೆ ಅನ್ನಬೇಕು? ಗಂಗಾವತಿಯಿಂದ ಆನೆಗೊಂದಿ ದೂರವಿಲ್ಲ. ಅಲ್ಲಿ ಯಾರನ್ನು ಕೇಳಿದರೂ ಇದೇ ಕಿಷ್ಕಿಂಧೆ ಅಂತಾರೆ. ಅಂಥ ನೆಲದಲ್ಲಿ ನಾಟಕ ಬರೆಯುವವರು ವಾಲಿಯನ್ನು ಮರೆಯಬಾರದು. ಎದೆಗೆ ಬಾಣ ನಟ್ಟು ಬಿದ್ದವನು ಅವನು. ಬೇಡಿಕೊಳ್ಳಲಿಲ್ಲ, ಪ್ರಶ್ನೆ ಕೇಳಿದ. ನಿನಗೂ ನನಗೂ ಏನು ಜಗಳ? ನಾನು ಇನ್ನೊಬ್ಬನ ಜೊತೆ ಕಾದುತ್ತಿದ್ದಾಗ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಉತ್ತರ ಕೊಡಬೇಕಾಯಿತು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ ಅಂತ. ಆ ಉತ್ತರ ಸಾಕೋ ಸಾಲದೋ ಅಂತ ಇವತ್ತಿಗೂ ಕಟ್ಟೆ ಮೇಲೆ ಕೂತು ವಾದ ಮಾಡುತ್ತಾರೆ.

ನಿಮ್ಮ ಖಳನೂ ಹಾಗೆ ಒಂದು ಮಾತು ಕೇಳಲಿ. ನಾಯಕನ ಬಳಿ ಅದಕ್ಕೆ ಸಲೀಸಾದ ಉತ್ತರ ಇರಬಾರದು. "ನಾನಿಲ್ಲದಿದ್ರೆ ಈ ಊರಿಗೆ ಸಾಲ ಯಾರು ಕೊಡ್ತಿದ್ರು?" ಅಂತ ಸಾಹುಕಾರ ಕೇಳಿದರೆ ಪ್ರೇಕ್ಷಕರಲ್ಲಿ ಅರ್ಧ ಜನ ನೆಲ ನೋಡುತ್ತಾರೆ. ಒಂದೇ ಮಾತು, ಎರಡು ಸಾಲಿಗಿಂತ ಜಾಸ್ತಿ ಬೇಡ.

## ಹಂತ 6: ನಾಯಕನ ಬಾಯಿ ಮುಚ್ಚಿಸಿ

ಆಯುಧ ಎತ್ತಿದ ಮೇಲೆ ನಾಯಕನಿಗೆ ಡೈಲಾಗ್ ಬರೆಯಬೇಡಿ. ಹುಡುಗರು ಇದಕ್ಕೆ ಒಪ್ಪುವುದೇ ಇಲ್ಲ. ನಾಯಕನ ಪಾತ್ರ ಮಾಡುವವನೇ ಅದಕ್ಕೆ ದುಡ್ಡು ಹಾಕಿರುತ್ತಾನೆ, ಶಿಳ್ಳೆ ಬೇಕು ಅವನಿಗೆ. ಶಿಳ್ಳೆಯ ಮಾತುಗಳನ್ನೆಲ್ಲ ಹೊಡೆದಾಟಕ್ಕೂ ಮುಂಚೆ ಕೊಟ್ಟುಬಿಡಿ. ಕೈ ಎತ್ತಿದ ಮೇಲೆ ಮೌನ.

ಎಷ್ಟು ಹೊತ್ತು? ತಾಲೀಮಿನಲ್ಲಿ ಮೊಬೈಲು ಹಿಡಿದು ಅಳೆಯಿರಿ. ಐದು ಸೆಕೆಂಡು ಕಡಿಮೆಯಾಯಿತು. ಮೂವತ್ತು ದಾಟಿದರೆ ಹಿಂದೆ ಕೂತವರು ಮಾತು ಮರೆತ ಅಂದುಕೊಂಡು ಕೂಗುತ್ತಾರೆ. ನನ್ನ ಅನುಭವದಲ್ಲಿ ಹನ್ನೆರಡರಿಂದ ಹದಿನೈದು ಸೆಕೆಂಡು ಸರಿ. ಅಷ್ಟೂ ಹೊತ್ತು ಹಾರ್ಮೋನಿಯಂ, ತಬಲಾ, ಕೀಬೋರ್ಡು ಯಾವುದೂ ಬೇಡ. ಕೀಬೋರ್ಡಿನವರು ಗುಡುಗಿನ ಸೌಂಡ್ ಒತ್ತಲು ಕೈ ತುರಿಸಿಕೊಳ್ಳುತ್ತಿರುತ್ತಾರೆ, ಅವರಿಗೆ ಮೊದಲೇ ಹೇಳಿಟ್ಟಿರಿ.

## ಹಂತ 7: ತೀರ್ಮಾನ

ಈಗ ಒಂದನೇ ಹಂತದ ಹಾಳೆ ತೆಗೆಯಿರಿ. ಹೊರಗೆ ಹೋಗುವ ದಾರಿ ಮೂರು.

ಕೊಲ್ಲುವುದು. ಒಂದೇ ಏಟಿಗೆ ಮುಗಿಯಲಿ. ಕೆಂಪು ಪೆನ್ನಿನಲ್ಲಿ ಬರೆದ ಮನುಷ್ಯ ಆ ಹೊತ್ತಿಗೆ ಅಟ್ಟದ ಮೇಲೆ ಇರಬೇಕು ಮತ್ತು ನೋಡುತ್ತಿರಬೇಕು. ಸಾಹುಕಾರನ ಚಿಕ್ಕ ಮಗಳು ಅಂತಿಟ್ಟುಕೊಳ್ಳಿ. ಅವಳು ಕಿರುಚಬಾರದು. ಸುಮ್ನೆ ಬಂದು ಅಪ್ಪನ ರುಮಾಲು ಎತ್ತಿಕೊಂಡರೆ ಸಾಕು.

ಬಿಡುವುದು. ಇದು ಕೊಲ್ಲುವುದಕ್ಕಿಂತ ಕಷ್ಟ. ಆದಿಪುರಾಣದ ಬಾಹುಬಲಿ ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧದಲ್ಲಿ ಸೋಲಿಸಿ, ಮಲ್ಲಯುದ್ಧದಲ್ಲಿ ಅವನನ್ನು ತನ್ನ ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಾನೆ. ನೆಲಕ್ಕೆ ಅಪ್ಪಳಿಸುವುದೊಂದೇ ಬಾಕಿ. ಆಗ ಮೆಲ್ಲಗೆ ಕೆಳಗಿಳಿಸುತ್ತಾನೆ. ಬಿಟ್ಟಿದ್ದಕ್ಕೆ ತೆತ್ತ ಬೆಲೆ ಇಡೀ ರಾಜ್ಯ. ಎಲ್ಲ ಬಿಟ್ಟು ತಪಸ್ಸಿಗೆ ನಡೆದ. ಇಷ್ಟು ದೊಡ್ಡದು ಜಾತ್ರೆ ನಾಟಕಕ್ಕೆ ಬೇಕಿಲ್ಲ. ಆದರೆ ಬಿಟ್ಟ ನಾಯಕ ತನ್ನದೇ ಏನನ್ನಾದರೂ ಅಲ್ಲಿ ಬಿಟ್ಟು ಹೋಗುವುದು ಕಾಣಬೇಕು.

ರಾಯಚೂರಿನವರಿಗೆ ಮನೆಯ ಉದಾಹರಣೆಯೇ ಇದೆ. 1520ರಲ್ಲಿ ರಾಯಚೂರು ಕೋಟೆಗಾಗಿ ನಡೆದ ಯುದ್ಧದಲ್ಲಿ ಕೃಷ್ಣದೇವರಾಯನ ಸೈನ್ಯ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೃಷ್ಣಾ ನದಿಯ ತನಕ ಅಟ್ಟಿಸಿಕೊಂಡು ಹೋಯಿತು. ಓಡುವವರು ನೀರಿನಲ್ಲಿ ಸಾಯುತ್ತಿದ್ದರು. ಆಗ ರಾಯ, ತಪ್ಪು ಮಾಡದವರೂ ಸಾಯುತ್ತಿದ್ದಾರೆ, ಆದಿಲ್‌ಶಾಹನಿಗೆ ಆಗಬೇಕಾದ್ದು ಆಯಿತು, ಹಿಂದೆ ಸರಿಯಿರಿ ಅಂತ ಹೇಳಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಸೇನಾಪತಿಗಳಿಗೆ ಅದು ಸರಿಬರಲಿಲ್ಲ. ನಾಟಕ ಬರೆಯುವವರಿಗೆ ಮುಂದಿನದು ಇನ್ನೂ ರುಚಿ. ನನ್ನ ಪಾದಕ್ಕೆ ಮುತ್ತಿಟ್ಟರೆ ಗೆದ್ದದ್ದನ್ನು ವಾಪಸ್ ಕೊಡುತ್ತೇನೆ ಅಂತ ಇದೇ ರಾಯ ಆದಿಲ್‌ಶಾಹನಿಗೆ ಹೇಳಿ ಕಳಿಸಿದ. ಮುದಗಲ್ ಹತ್ತಿರ ಭೇಟಿ ಅಂತ ಗೊತ್ತಾಯಿತು. ರಾಯ ಹೋದ. ಆದಿಲ್‌ಶಾಹ ಬರಲೇ ಇಲ್ಲ. ಜೀವ ಉಳಿಸಿ ಬಿಟ್ಟವನೇ ಮಾನ ಕೇಳಿದ. ಇದನ್ನು ಯಾರಾದರೂ ದೊಡ್ಡಾಟಕ್ಕೆ ಕಟ್ಟಿದರೆ ಮೊದಲ ಸಾಲಿನಲ್ಲಿ ನಾನು ಕೂತಿರುತ್ತೇನೆ.

ಗುರುತು ಹಾಕಿ ಬಿಡುವುದು. ಜೀವ ಉಳಿಯುತ್ತದೆ, ಆದರೆ ಬಿದ್ದವನು ಮೊದಲಿನವನಾಗಿ ಎದ್ದು ಹೋಗುವುದಿಲ್ಲ. ಜಯದ್ರಥನ ಐದು ಜುಟ್ಟು ಇದೇ. ಅಶ್ವತ್ಥಾಮನ ನೆತ್ತಿಯ ಮಣಿ ಕಿತ್ತುಕೊಂಡಿದ್ದೂ ಇದೇ. ಹೊಸದಾಗಿ ಬರೆಯುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಮಾಡಬೇಕಾದ್ದು ಒಂದೇ ಕೆಲಸ: ಖಳನ ದರ್ಪವೆಲ್ಲ ಯಾವ ವಸ್ತುವಿನಲ್ಲಿದೆ ಅಂತ ಹುಡುಕಿ, ಅದನ್ನು ಮೊದಲ ಅಂಕದಿಂದಲೇ ಅವನ ಕೈಯಲ್ಲಿ ಆಡಿಸುತ್ತಿರಿ.

ತೀರ್ಮಾನ ಯಾವುದೇ ಇರಲಿ, ಪರೀಕ್ಷೆ ಹೀಗೆ ಮಾಡಿ. ತಾಲೀಮಿನಲ್ಲಿ ನಾಯಕ ಕೈ ಎತ್ತಿದ ಕೂಡಲೇ ನಿಲ್ಲಿಸಿ. ಎಲೆ ಅಡಿಕೆ ಕೊಟ್ಟು ಕೂರಿಸಿದ ಅಜ್ಜಿಯನ್ನು ಕೇಳಿ: "ಏನ್ ಮಾಡ್ತಾನಬೇ ಈಗ?" ತಡವಿಲ್ಲದೆ ಉತ್ತರ ಬಂದರೆ ನಿಮ್ಮ ದೃಶ್ಯ ಇನ್ನೂ ಹಸಿ. ಮೂರನೇ ಹಂತಕ್ಕೆ ವಾಪಸ್ ಹೋಗಿ. ಅಜ್ಜಿ "ತಡಿ, ನೋಡೂಣು" ಅಂದರೆ ಮುಂದುವರಿಯಿರಿ.

## ಒಂದು ದೃಶ್ಯವನ್ನು ತಿದ್ದಿದ ಬಗೆ

ಕಾರಟಗಿ ಕಡೆಯ ಹುಡುಗನೊಬ್ಬ ತಂದ ನಾಟಕ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿ. ಮೇಲಿನ ಸಾಹುಕಾರ ರಾತ್ರಿ ತೂಬು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಕೆಳಗಿನ ಗದ್ದೆ ಒಣಗುತ್ತದೆ. ಕೇಳಲು ಹೋದ ಅಣ್ಣ ಹೊಡೆದಾಟದಲ್ಲಿ ಸಾಯುತ್ತಾನೆ. ಕೊನೆಗೆ ತಮ್ಮ ಸಾಹುಕಾರನನ್ನು ಕಾಲುವೆ ಏರಿಯ ಮೇಲೆ ಕೆಡವಿ ಸಲಿಕೆ ಎತ್ತುತ್ತಾನೆ. ಆಮೇಲೆ ಇನ್‌ಸ್ಪೆಕ್ಟರ್.

ಮೊದಲು ಇನ್‌ಸ್ಪೆಕ್ಟರ್‌ನನ್ನು ಹೊಡೆದುಹಾಕಿದೆವು. ಆ ಪಾತ್ರದ ಹುಡುಗ ಎರಡು ದಿನ ಮುನಿಸಿಕೊಂಡ, ಬಟ್ಟೆ ಬಾಡಿಗೆಗೂ ಹೇಳಿಬಿಟ್ಟಿದ್ದನಂತೆ. ಅವನನ್ನು ಎರಡನೇ ಅಂಕದ ಹಾಸ್ಯಕ್ಕೆ ಹಾಕಿ ಸಮಾಧಾನ ಮಾಡಿದೆವು.

ಎಲ್ಲರಿಗಿಂತ ನೊಂದವರು ಯಾರು? ಅಣ್ಣನ ಹೆಂಡತಿ. ಮೂಲದಲ್ಲಿ ಅವಳಿಗೆ ಒಂದು ಅಳುವ ಹಾಡು ಬಿಟ್ಟರೆ ಏನೂ ಇರಲಿಲ್ಲ. ಅವಳನ್ನು ಏರಿಯ ಮೇಲೆ ತಂದು ನಿಲ್ಲಿಸಿದೆವು. ಏನು ಮಾತಾಡಿಸುವುದು? "ಇವನು ಸತ್ರೆ ನನ್ನ ಗಂಡ ವಾಪಸ್ ಬರ್ತಾನಾ?" ಅಂತ ಹುಡುಗ ಬರೆದಿದ್ದ. ಈ ಸಾಲನ್ನು ನೂರು ನಾಟಕದಲ್ಲಿ ಕೇಳಿದ್ದೇನೆ, ತೆಗೆಸಿದೆ. ಜಾಗ ಖಾಲಿ ಉಳಿಯಿತು.

ಅದು ತುಂಬಿದ್ದು ನಮ್ಮಿಂದಲ್ಲ. ಆ ಪಾತ್ರಕ್ಕೆ ಹೊರಗಿನಿಂದ ಬಂದ ಕಲಾವಿದೆ, ನಾಟಕಕ್ಕೆ ಎರಡು ದಿನ ಮುಂಚೆ ಮಾತು ಓದುತ್ತಾ ಮೊದಲ ಅಂಕದಲ್ಲೇ ನಿಂತರು. ಅಲ್ಲಿ "ರೀ ಹನುಮಪ್ಪ, ಊಟಕ್ಕೆ ಬನ್ನಿ" ಅಂತಿತ್ತು. "ಮಾಸ್ತರ, ಯಾವ ಊರಾಗ ಹೇಣ್ತಿ ಗಂಡನ ಹೆಸರು ಹಿಡಿದು ಕರೀತಾಳ್ರಿ?" ಅಂದರು. ಹೌದಲ್ಲ! ನಮ್ಮ ಕಡೆ ಹೆಣ್ಣುಮಕ್ಕಳು ಹೆಸರು ಹೇಳಬೇಕಾದರೆ ಒಡಪು ಹಾಕಿಯೇ, ಅಂದರೆ ಪ್ರಾಸದ ಸಾಲಿನಲ್ಲಿ ಸೇರಿಸಿಯೇ ಹೇಳುವುದು, ಅದೂ ಮದುವೆ, ಸೀಮಂತ ಅಂತ ಎಲ್ಲರೂ ಕಾಡಿದಾಗ. ಎಲ್ಲ ಕಡೆ ಅವಳ ಬಾಯಿಂದ ಆ ಹೆಸರು ತೆಗೆದುಹಾಕಿದೆವು. ಮೊದಲ ಅಂಕದಲ್ಲಿ ಗೆಳತಿಯರು ಒಡಪು ಹೇಳು ಅಂತ ಕಾಡುವುದು, ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿ ಓಡಿಹೋಗುವುದು ಸೇರಿಸಿದೆವು.

ಕೊನೆಯ ದೃಶ್ಯ ಹೀಗಾಯಿತು:

ತಮ್ಮ ಸಲಿಕೆ ಎತ್ತಿದ್ದಾನೆ. ಅತ್ತಿಗೆ ಬಂದು ಸಾಹುಕಾರನ ಎದುರು ಕುಕ್ಕರುಗಾಲಲ್ಲಿ ಕೂರುತ್ತಾಳೆ.

"ಸಾಹುಕಾರ್ರ, ನಮ್ಮನಿಯವ್ರ ಹೆಸರು ಹೇಳ್ರಿ."

ಸಾಹುಕಾರ ತಡವರಿಸುತ್ತಾನೆ. ಅವನಿಗೆ ಗೊತ್ತಿಲ್ಲ. ತನ್ನಿಂದ ಸತ್ತವನ ಹೆಸರೇ ಗೊತ್ತಿಲ್ಲ.

"ಅದs... ಕೆಳಗಿನ ಹೊಲದವನು..."

ಮೌನ. ಸಲಿಕೆ ಮೇಲೆಯೇ ಇದೆ.

"ಹನುಮಪ್ಪ" ಅಂತಾಳೆ ಅವಳು. ಮೊದಲ ಸಲ. "ಹನುಮಪ್ಪ ಅಂತ ಅವರ ಹೆಸರು."

ಆಮೇಲೆ ಸಾಹುಕಾರನ ಉಡಿದಾರಕ್ಕೆ ಕಟ್ಟಿದ ತೂಬಿನ ಕೀಲಿಕೈಗೆ ಕೈ ಹಾಕಿ ಕಿತ್ತುಕೊಳ್ಳುತ್ತಾಳೆ. ಮೂರು ಅಂಕದಿಂದ ಅವನು ಬೆರಳಲ್ಲಿ ತಿರುಗಿಸುತ್ತಾ ಬಂದ ಕೀಲಿಕೈ ಅದು. ಅದನ್ನು ಮೈದುನನ ಕೈಗೆ ಕೊಟ್ಟು, "ಹೋಗು, ನೀರು ಬಿಡು" ಅಂತಾಳೆ. ಅವನು ಸಲಿಕೆ ಇಳಿಸುತ್ತಾನೆ. ಕೀಲಿಕೈ ಹಿಡಿಯಬೇಕಾದರೆ ಸಲಿಕೆ ಬಿಡಲೇಬೇಕು, ಇದನ್ನು ಬೇಕಂತಲೇ ಹಾಗೆ ಇಟ್ಟೆವು. ಮಾತಿನಲ್ಲಿ ಹೇಳಿಸದೆ ಕೈಯಿಂದಲೇ ತೀರ್ಮಾನ ತೋರಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ನಾಟಕದ ರಾತ್ರಿ ಆ ಹೆಸರು ಬಂದಾಗ ಹೆಣ್ಣುಮಕ್ಕಳು ಕೂತ ಕಡೆಯಿಂದ ಒಂದು ಸದ್ದು ಬಂತು. ಅಳುವೂ ಅಲ್ಲ, ಉಸಿರು ಎಳೆದುಕೊಂಡ ಹಾಗೆ. ಗಂಡಸರ ಕಡೆ ಅಷ್ಟು ತಟ್ಟಲಿಲ್ಲ, ಅವರಿಗೆ ಕೀಲಿಕೈ ಕಿತ್ತಾಗ ಶಿಳ್ಳೆ ಬಂತು.

## ಹಂತ 8: ಆಮೇಲಿನ ಐದು ನಿಮಿಷ

ತೀರ್ಮಾನ ಆದ ಕೂಡಲೇ ಪರದೆ ಎಳೆಯಬೇಡಿ. ಬೆಲೆಯ ಮೊದಲ ಕಂತು ಕಾಣಲಿ. ಮೇಲಿನ ನಾಟಕದಲ್ಲಿ ಸಾಹುಕಾರ ಎದ್ದು, ಮೈಯ ಮಣ್ಣು ಕೊಡವಿಕೊಂಡು, ಅದೇ ಊರಿನ ಕಡೆಗೆ ನಡೆದು ಹೋಗುತ್ತಾನೆ. ಅವಳು ನೋಡುತ್ತಾ ನಿಲ್ಲುತ್ತಾಳೆ. ನಾಳೆ ನೀರಿಗೆ ಹೋದಾಗ, ಕಿರಾಣಿ ಅಂಗಡಿಯಲ್ಲಿ, ಗುಡಿಯಲ್ಲಿ ಆ ಮುಖ ನೋಡಬೇಕು ಅವಳು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವನು ನಡೆದು ಹೋಗುವಷ್ಟು ಹೊತ್ತು ಕೊಟ್ಟೆವು ಅಷ್ಟೇ.

## ತಾಲೀಮಿನಲ್ಲಿ ಕಾಣುವ ಎಚ್ಚರಿಕೆಯ ಲಕ್ಷಣಗಳು

ಖಳನ ಪಾತ್ರಧಾರಿ ಬಿದ್ದ ಮೇಲೆ ಮೊಬೈಲು ನೋಡುತ್ತಿದ್ದರೆ ಅವನಿಗೆ ಅಲ್ಲಿ ಕೆಲಸವಿಲ್ಲ ಅಂತ ಅರ್ಥ. ಐದನೇ ಹಂತ ನೋಡಿ.

ನಾಯಕ ಪ್ರತಿದಿನ ಕೊನೆಗೆ ಒಂದೊಂದು ಹೊಸ ಸಾಲು ಸೇರಿಸುತ್ತಿದ್ದರೆ ಮೌನ ಅವನಿಗೆ ಹೆದರಿಕೆ ತರುತ್ತಿದೆ. ಬೈಯಬೇಡಿ. ಆ ಹದಿನೈದು ಸೆಕೆಂಡಿನಲ್ಲಿ ಎಲ್ಲಿ ನೋಡಬೇಕು ಅಂತ ಹೇಳಿಕೊಡಿ: ಮೊದಲು ಬಿದ್ದವನನ್ನು, ಆಮೇಲೆ ಮೂರನೆಯವರನ್ನು, ಕೊನೆಗೆ ತನ್ನ ಕೈಯನ್ನು.

"ಧರ್ಮ", "ನ್ಯಾಯ", "ಮಾನವೀಯತೆ" ಈ ಮೂರು ಪದ ಕೊನೆಯ ದೃಶ್ಯದಲ್ಲಿ ಎಷ್ಟು ಸಲ ಬಂದಿವೆ ಎಣಿಸಿ. ಎರಡಕ್ಕಿಂತ ಜಾಸ್ತಿ ಇದ್ದರೆ ಯಾರದ್ದೋ ಹೆಸರು ಬರಬೇಕಾದ ಜಾಗದಲ್ಲಿ ಅವು ಕೂತಿವೆ.

ಕಮಿಟಿಯವರು ತಾಲೀಮು ನೋಡಲು ಬಂದು "ಎಲ್ಲಾ ಚಲೋ ಐತಿ, ಕೊನಿಗೆ ಒಂದು ಸಂದೇಶ ಬೇಕಿತ್ತು" ಅಂದರೆ ತಲೆಯಾಡಿಸಿ ಚಹಾ ಕೊಡಿ. ಸೇರಿಸಬೇಡಿ.

ಕಾಲುವೆಗೆ ನೀರು ಬಿಟ್ಟ ವಾರ ತಾಲೀಮಿಗೆ ಅರ್ಧ ಜನ ಬರುವುದಿಲ್ಲ. ಆ ವಾರ ಈ ದೃಶ್ಯ ಇಟ್ಟುಕೊಳ್ಳಬೇಡಿ. ಮೂರನೆಯವರ ಜಾಗದಲ್ಲಿ ಬೇರೆ ಯಾರನ್ನೋ ನಿಲ್ಲಿಸಿ ಮಾಡಿದ ತಾಲೀಮು ಕೆಲಸಕ್ಕೆ ಬರುವುದಿಲ್ಲ.

## ನಾಟಕದ ರಾತ್ರಿಗೆ

ಸಲಿಕೆ, ಕೊಡಲಿ ನಿಜವಾದದ್ದೇ ಆದರೆ ಬಾಯಿಗೆ ರಬ್ಬರ್ ಟ್ಯೂಬ್ ಸೀಳಿ ಸುತ್ತಿ, ಮೇಲೆ ಬೆಳ್ಳಿ ಬಣ್ಣ ಬಳಿಯಿರಿ. ಹಿಡಿ ಸಡಿಲವಾಗಿದೆಯಾ ಅಂತ ಪ್ರತಿ ಅಂಕದ ನಡುವೆ ನೋಡಿ. ತಗಡಿನ ಕತ್ತಿಯ ಅಂಚು ಮಡಚಿರಬೇಕು. ಈ ದೃಶ್ಯ ಬರುವುದು ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ. ನಾಯಕನಿಗೆ ನಿದ್ದೆ ತೂಗುತ್ತಿರುತ್ತದೆ. ಅದಕ್ಕೂ ಅರ್ಧ ಗಂಟೆ ಮುಂಚೆ ಮುಖಕ್ಕೆ ನೀರು ಹಾಕಿಸಲು ಆಗುವುದಿಲ್ಲ, ಬಣ್ಣ ಹೋಗುತ್ತದೆ. ಕತ್ತಿನ ಹಿಂದೆ ಒದ್ದೆ ಬಟ್ಟೆ ಇಡಿ.

ಕೊಲ್ಲುವ ದಾರಿ ಹಿಡಿದಿದ್ದರೆ ಇನ್ನೊಂದು ವಿಷಯ. ಮಂಗಳಕ್ಕೆ ಎಲ್ಲ ಪಾತ್ರಧಾರಿಗಳೂ ಬಂ‌ದು ನಿಲ್ಲುತ್ತಾರೆ, ಸತ್ತವನೂ ಎದ್ದು ಬರುತ್ತಾನೆ. ಪರದೆ ಬಿದ್ದ ಕೂಡಲೇ ಎತ್ತಿಬಿಟ್ಟರೆ ಈಗಷ್ಟೇ ಹೆಣವಾಗಿದ್ದವನು ಮೀಸೆ ಸರಿಮಾಡಿಕೊಳ್ಳುತ್ತಾ ನಿಂತಿರುತ್ತಾನೆ, ಹುಡುಗರು ಹೋ ಅಂತ ನಗುತ್ತಾರೆ. ಹಾರ್ಮೋನಿಯಂನವರಿಗೆ ಎರಡು ನಿಮಿಷ ಒಂದು ರಾಗ ಎಳೆಯಲು ಹೇಳಿ. ಆಮೇಲೆ ಪರದೆ ಎತ್ತಿ. ಸತ್ತವನನ್ನು ಸಾಲಿನ ಕೊನೆಗೆ ನಿಲ್ಲಿಸಿ.